ತೊರೆಯ ಪುಟ್ಟ ಸಾಕ್ಷಿಗಳು

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



 

ಉರ್ದು ಮತ್ತು ಕನ್ನಡ ಕಲಿಸುವ ನಾನು ನೀರಿನ ಹುಳುಗಳ ಬಗ್ಗೆ ಮಾತನಾಡಲು ಎದ್ದು ನಿಂತಾಗ ಸಭೆಯಲ್ಲಿ ಕೆಲವರು ಮುಗುಳ್ನಕ್ಕರು. ಅವರ ನಗುವಿನಲ್ಲಿ ತಪ್ಪೇನೂ ಇಲ್ಲ. ಇದು ವಿಜ್ಞಾನ ಶಿಕ್ಷಕರ ವಿಷಯ. ಆದರೆ ನಮ್ಮ ಶಾಲೆಯಲ್ಲಿ ಆ ಹುದ್ದೆ ಎರಡು ವರ್ಷ ಖಾಲಿ ಇದ್ದುದರಿಂದ ಪರಿಸರ ಕೂಟದ ಹೊಣೆ ನನ್ನ ಪಾಲಿಗೆ ಬಂತು. ಬಿ.ಎಡ್.ನಲ್ಲಿ ಓದಿದ್ದನ್ನೇ ನಂಬಿ ಕೈಯಲ್ಲಿ ಬಲೆ ಹಿಡಿದು ಹಳ್ಳಕ್ಕೆ ಇಳಿದವರಲ್ಲಿ ನಾನೂ ಒಬ್ಬಳು. ಅಲ್ಲಿ ಕಲಿತದ್ದನ್ನೂ, ಅಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ತಮ್ಮ ಮುಂದೆ ಇಡಬೇಕೆಂಬುದೇ ಈ ಮಾತಿನ ಉದ್ದೇಶ.

ಭಾಷೆಯ ಶಿಕ್ಷಕಿಯಾದ್ದರಿಂದ ಮೊದಲು ಎರಡು ಶಬ್ದಗಳ ವಿಚಾರ. ನಮ್ಮೂರಿನ ಹಿರಿಯರು 'ಹಳ್ಳ' ಎಂದು ಕರೆಯುವ ನೀರನ್ನು ನಮ್ಮ ಶಾಲೆಯ ಮಕ್ಕಳು 'ಮೋರಿ' ಎಂದು ಕರೆಯುತ್ತಾರೆ. ಉರ್ದುವಿನ 'ನಾಲಾ' ಶಬ್ದಕ್ಕೂ ಇದೇ ಗತಿ. ಹರಿಯುವ ತೊರೆಗೂ ಅದೇ ಹೆಸರು, ಕೊಳಚೆ ಹರಿಯುವ ಚರಂಡಿಗೂ ಅದೇ ಹೆಸರು. ನೀರು ಒಂದೇ, ಹೆಸರು ಮಾತ್ರ ಕೆಳಗಿಳಿಯಿತು. ನೀರಿನ ಹೆಸರು ಜನರ ಬಾಯಲ್ಲಿ ಕೆಳಗಿಳಿದ ಮೇಲೆ ಅದಕ್ಕೆ ಕಸ ಸುರಿಯಲು ಯಾರಿಗೂ ಸಂಕೋಚವಾಗುವುದಿಲ್ಲ.

ಕೆಲವು ಊರುಗಳಲ್ಲಿ ಜನ ಎಚ್ಚೆತ್ತು ಇಂತಹ ಹಳ್ಳಗಳನ್ನು ಮತ್ತೆ ಸರಿಪಡಿಸುತ್ತಾರೆ. ಹೂಳೆತ್ತುತ್ತಾರೆ, ಕೊಳಚೆಯ ಪೈಪನ್ನು ಬೇರೆ ಕಡೆಗೆ ತಿರುಗಿಸುತ್ತಾರೆ, ದಡದಲ್ಲಿ ಗಿಡ ನೆಡುತ್ತಾರೆ. ನಂತರ ಒಂದು ಸಮಾರಂಭ, ಹಾರ, ಫೋಟೋ. ಅಲ್ಲಿಗೆ ಕೆಲಸ ಮುಗಿಯಿತು ಎಂದು ನಾವು ಭಾವಿಸುತ್ತೇವೆ. ಆದರೆ ಓದುಗರೇ, ಹಳ್ಳ ನಿಜವಾಗಿ ಬದುಕಿತೇ ಇಲ್ಲವೇ ಎಂಬುದನ್ನು ಯಾರನ್ನು ಕೇಳಬೇಕು? ನೀರು ತಿಳಿಯಾಗಿ ಕಂಡರೆ ಸಾಕೇ? ತಿಳಿ ನೀರಿನಲ್ಲಿಯೂ ವಿಷವಿರಬಹುದು. ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಿದರೆ ಆ ಗಳಿಗೆಯ ನೀರಿನ ಸ್ಥಿತಿ ತಿಳಿಯುತ್ತದೆ. ನಿನ್ನೆ ರಾತ್ರಿ ಯಾರೋ ಏನನ್ನೋ ಸುರಿದು ಹೋಗಿ ಅದು ಬೆಳಗಾಗುವುದರೊಳಗೆ ಹರಿದು ಹೋಗಿದ್ದರೆ ಬಾಟಲಿ ಅದನ್ನು ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ಹಗಲೂ ರಾತ್ರಿ ಆ ನೀರಿನಲ್ಲಿಯೇ ವಾಸವಾಗಿರುವವರು. ಅವರೇ ಕಲ್ಲಿನ ಅಡಿಯಲ್ಲಿ ಬದುಕುವ ಪುಟ್ಟ ಹುಳುಗಳು.

ಈ ಸಾಕ್ಷಿಗಳಲ್ಲಿ ಮೂರು ಗುಂಪುಗಳಿಗೆ ಹೆಚ್ಚು ಮಾನ್ಯತೆ. ಮೊದಲನೆಯದು ಮೇಫ್ಲೈ. ರೆಕ್ಕೆ ಬಂದ ಮೇಲೆ ಇದು ಬದುಕುವುದು ಸಾಮಾನ್ಯವಾಗಿ ಕೆಲವು ಗಂಟೆ ಅಥವಾ ಒಂದೆರಡು ದಿನ. ಆದರೆ ಅದಕ್ಕೂ ಮೊದಲು ಮರಿಯಾಗಿ ವಾರಗಟ್ಟಲೆ, ತಿಂಗಳುಗಟ್ಟಲೆ ನೀರಿನೊಳಗೇ ಇರುತ್ತದೆ. ಹೊಟ್ಟೆಯ ಪಕ್ಕದಲ್ಲಿ ಎಲೆಯಂತಹ ಕಿವಿರುಗಳು, ಹಿಂದೆ ಸಾಮಾನ್ಯವಾಗಿ ಮೂರು ಬಾಲ. ಎರಡನೆಯದು ಸ್ಟೋನ್‌ಫ್ಲೈ. ಇದಕ್ಕೆ ಎರಡು ಬಾಲ. ತಂಪಾದ, ಆಮ್ಲಜನಕ ತುಂಬಿದ, ಕಲ್ಲುಗಳ ಮೇಲೆ ಜಿಗಿದು ಹರಿಯುವ ನೀರೇ ಇದಕ್ಕೆ ಬೇಕು. ಮೂರನೆಯದು ಕ್ಯಾಡಿಸ್‌ಫ್ಲೈ. ಇದರ ಅನೇಕ ಜಾತಿಗಳ ಮರಿಗಳು ಬಾಯಿಂದ ರೇಷ್ಮೆಯಂತಹ ನೂಲು ತೆಗೆದು, ಮರಳಿನ ಕಣ, ಕಡ್ಡಿಗಳನ್ನು ಅಂಟಿಸಿ ತಮ್ಮ ಅಳತೆಗೆ ಸರಿಯಾದ ಕೊಳವೆಯ ಮನೆ ಕಟ್ಟಿಕೊಳ್ಳುತ್ತವೆ. ಈ ಮೂರೂ ಗುಂಪುಗಳಲ್ಲಿ ಹೆಚ್ಚಿನವು ಕೊಳಚೆಯನ್ನು ಸಹಿಸಲಾರವು.

ಇವಕ್ಕೆ ವಿರುದ್ಧ ಸ್ವಭಾವದವೂ ಇವೆ. ಕೊಳೆತ ಕೆಸರಿನಲ್ಲಿ ಕಾಣುವ ತೆಳ್ಳನೆಯ ಕೆಂಪು ಹುಳುಗಳನ್ನು ತಾವು ನೋಡಿರಬಹುದು. ಅವು ಕಚ್ಚದ ಒಂದು ಜಾತಿಯ ಸಣ್ಣ ನೊಣದ ಮರಿಗಳು. ನಮ್ಮ ರಕ್ತದಲ್ಲಿರುವಂತೆ ಅವುಗಳ ಮೈಯಲ್ಲಿಯೂ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ಕಡಿಮೆ ಇರುವಲ್ಲಿಯೂ ಬದುಕಿಕೊಳ್ಳುತ್ತವೆ. ಹಳ್ಳದಲ್ಲಿ ಕೆಂಪು ಹುಳುಗಳೇ ತುಂಬಿ ಉಳಿದವು ಇಲ್ಲವಾದರೆ ನೀರು ಕಾಯಿಲೆ ಬಿದ್ದಿದೆ ಎಂದು ತಿಳಿಯಬೇಕು.

ಎಣಿಸುವ ಕ್ರಮ ಕಷ್ಟದ್ದಲ್ಲ. ಅರ್ಧ ಮಿಲಿಮೀಟರ್ ಕಣ್ಣಿನ ಬಲೆಯ ಬಾಯಿಯನ್ನು ನೀರು ಬರುವ ದಿಕ್ಕಿಗೆ ಹಿಡಿದು, ಅದರ ಮುಂದಿನ ಕಲ್ಲುಗಳನ್ನು ಕಾಲಿನಿಂದ ಕದಡುತ್ತಾರೆ. ಕಲ್ಲಿನಡಿಯಿಂದ ಎದ್ದ ಜೀವಿಗಳು ನೀರಿನ ಜೊತೆ ಬಲೆಗೆ ಬರುತ್ತವೆ. ಅವನ್ನು ಬಿಳಿ ತಟ್ಟೆಗೆ ಹಾಕಿ, ಗುಂಪು ಗುಂಪಾಗಿ ಬೇರ್ಪಡಿಸಿ ಎಣಿಸುತ್ತಾರೆ. ಅಮೆರಿಕದ ವಿಸ್ಕಾನ್ಸಿನ್‌ನ ಕೀಟ ವಿಜ್ಞಾನಿ ವಿಲಿಯಂ ಹಿಲ್ಸೆನ್‌ಹಾಫ್ ಅವರು ಪ್ರತಿಯೊಂದು ಜೀವಿಗೂ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವ ಪದ್ಧತಿಯನ್ನು 1987ರಲ್ಲಿ ಪ್ರಕಟಿಸಿದರು. ಕೊಳಚೆಯನ್ನು ಸಹಿಸದ ಜೀವಿಗೆ ಕಡಿಮೆ ಅಂಕ, ಸಹಿಸುವ ಜೀವಿಗೆ ಹೆಚ್ಚು ಅಂಕ. ಇಲ್ಲಿ ಪರೀಕ್ಷೆಯ ಲೆಕ್ಕ ತಿರುವುಮುರುವು. ಕಡಿಮೆ ಅಂಕ ಬಂದ ಹಳ್ಳವೇ ಜಾಣ ಹಳ್ಳ!

ಒಂದು ಉದಾಹರಣೆ ಹೇಳುತ್ತೇನೆ. ತಟ್ಟೆಯಲ್ಲಿ ನಾಲ್ಕು ಅಂಕದ ಮೇಫ್ಲೈ ಮರಿಗಳು 40, ಎಂಟು ಅಂಕದ ಕೆಂಪು ಹುಳುಗಳು 60 ಇವೆ ಎಂದುಕೊಳ್ಳಿ. 160ಕ್ಕೆ 480 ಕೂಡಿಸಿ 100ರಿಂದ ಭಾಗಿಸಿದರೆ 6.4. ಹಳ್ಳ ಸುಧಾರಿಸಿದ ಮೇಲೆ ಮೇಫ್ಲೈ 70, ಕೆಂಪು ಹುಳು 30 ಆದರೆ ಉತ್ತರ 5.2. ಏಳನೆಯ ತರಗತಿಯ ಮಗು ಮಾಡಬಲ್ಲ ಲೆಕ್ಕ ಇದು.

ಈ ಲೆಕ್ಕದಿಂದ ಒಂದು ತೊರೆಯ ಚೇತರಿಕೆಯನ್ನು ಅಳೆದ ಪ್ರಸಂಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದೆ. ಬರ್ಕ್ಲಿ ವಿಶ್ವವಿದ್ಯಾಲಯದ ಆವರಣದ ನಡುವೆ ಸ್ಟ್ರಾಬೆರಿ ಕ್ರೀಕ್ ಎಂಬ ಸಣ್ಣ ತೊರೆ ಹರಿಯುತ್ತದೆ. ದಡದ ಕಟ್ಟಡಗಳಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳಿದ್ದರೂ ತೊರೆ ಮಾತ್ರ ಕೊಳಚೆಯಿಂದ ಕೆಟ್ಟು ಹೋಗಿತ್ತು. 1987ರಲ್ಲಿ ಯೋಜನೆಯೊಂದನ್ನು ಸಿದ್ಧಪಡಿಸಿ ಕೊಳಚೆ ಪೈಪುಗಳನ್ನು ಸರಿಪಡಿಸಿದರು, ಕುಸಿಯುವ ದಡಗಳನ್ನು ಭದ್ರ ಮಾಡಿದರು. ನೀರು ಸುಧಾರಿಸಿದ ಮೇಲೆ ಅಲ್ಲಿಂದ ಕಾಣೆಯಾಗಿದ್ದ ಸ್ಟಿಕಲ್‌ಬ್ಯಾಕ್ ಎಂಬ ಸ್ಥಳೀಯ ಮೀನನ್ನು ಮತ್ತೆ ತಂದು ಬಿಟ್ಟರು. ರಾಬರ್ಟ್ ಚಾರ್ಬನೋ ಮತ್ತು ಕೀಟ ವಿಜ್ಞಾನಿ ವಿನ್ಸೆಂಟ್ ರೆಶ್ ಅವರು ದುರಸ್ತಿಯ ಮೊದಲಿನ ಹಾಗೂ ನಂತರದ ಹುಳುಗಳ ಲೆಕ್ಕವನ್ನು ಹೋಲಿಸಿ, ತೊರೆ ಸುಧಾರಿಸಿದೆ ಎಂದು 1992ರಲ್ಲಿ ಬರೆದರು. ಮೊದಲು ಎಣಿಸಿಟ್ಟಿದ್ದರಿಂದಲೇ ನಂತರ ಹೋಲಿಸಲು ಸಾಧ್ಯವಾಯಿತು ಎಂಬುದನ್ನು ತಾವು ಗಮನಿಸಬೇಕು. ಅಷ್ಟಕ್ಕೇ ಅಪಾಯ ತಪ್ಪಲಿಲ್ಲ. 2011ರ ಡಿಸೆಂಬರ್‌ನಲ್ಲಿ ಆವರಣದ ಒಂದು ಕಟ್ಟಡದ ಜನರೇಟರ್ ಟ್ಯಾಂಕಿನಿಂದ ಉಕ್ಕಿದ ಡೀಸೆಲ್ ಅದೇ ತೊರೆಗೆ ಸೇರಿತು. ಇಪ್ಪತ್ತು ವರ್ಷ ಕಾಪಾಡಿದ ನೀರನ್ನು ಒಂದು ದಿನದಲ್ಲಿ ಕೆಡಿಸಬಹುದು.

ಡೀಸೆಲ್ಲಿಗೆ ವಾಸನೆಯಿದೆ, ಬಣ್ಣವಿದೆ. ಕೂಡಲೇ ಗೊತ್ತಾಗುತ್ತದೆ. ಸದ್ದಿಲ್ಲದೆ ಬರುವ ಅತಿಥಿಯ ವಿಷಯ ಇನ್ನೂ ಕಠಿಣ. ಅದಕ್ಕಾಗಿ ಅದೇ ಕ್ಯಾಲಿಫೋರ್ನಿಯಾದ ಇನ್ನೊಂದು ತೊರೆಯ ಕಡೆಗೆ ತಮ್ಮನ್ನು ಕರೆದೊಯ್ಯುತ್ತೇನೆ.

ಅದರ ಹೆಸರು ಪ್ಯೂಟಾ ಕ್ರೀಕ್. 1957ರಲ್ಲಿ ಅದಕ್ಕೆ ಮಾಂಟಿಸೆಲ್ಲೋ ಅಣೆಕಟ್ಟು ಕಟ್ಟಿದರು. ನೀರು ಹೊಲಗಳಿಗೂ ಪಟ್ಟಣಗಳಿಗೂ ಹೋಯಿತು. 1980ರ ದಶಕದ ಕೊನೆಯ ಬರಗಾಲದಲ್ಲಿ ತೊರೆಯ ಕೆಳಭಾಗ ಒಣಗಿ ಮೀನುಗಳು ಸತ್ತವು. ದಡದ ಜನ ಸುಮ್ಮನೆ ಕೂರಲಿಲ್ಲ, ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಹತ್ತು ವರ್ಷಗಳ ಹೋರಾಟದ ನಂತರ 2000ನೇ ಇಸವಿಯಲ್ಲಿ ಒಪ್ಪಂದವಾಯಿತು. ಯಾವ ಕಾಲದಲ್ಲಿ ಎಷ್ಟು ನೀರು ತೊರೆಗೆ ಬಿಡಬೇಕೆಂದು ಅದರಲ್ಲಿ ನಿಗದಿಯಾಯಿತು. ಪೀಟರ್ ಮೊಯ್ಲ್ ಮತ್ತು ಅವರ ಸಂಗಡಿಗ ವಿಜ್ಞಾನಿಗಳು ವರ್ಷ ವರ್ಷವೂ ಮೀನುಗಳನ್ನು ಎಣಿಸುತ್ತಾ ಬಂದರು. ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಸ್ಥಳೀಯ ಮೀನುಗಳೇ ಮತ್ತೆ ಮೇಲುಗೈ ಪಡೆದವೆಂದು 2012ರಲ್ಲಿ ಪ್ರಕಟವಾಯಿತು.

ಎಂತಹ ಸಂತೋಷದ ಸುದ್ದಿ! ಆದರೆ ಈ ನಡುವೆಯೇ, 2003ರಲ್ಲಿ, ಅಣೆಕಟ್ಟಿನ ಕೆಳಗೆ ಜನ ಟ್ರೌಟ್ ಮೀನು ಹಿಡಿಯಲು ಬರುವ ಭಾಗದಲ್ಲಿ ಒಂದು ಹೊಸ ಜೀವಿ ಪತ್ತೆಯಾಯಿತು. ಅದೇ ನ್ಯೂಜಿಲೆಂಡಿನ ಕೆಸರು ಬಸವನಹುಳು. ಹೆಚ್ಚೆಂದರೆ ಐದಾರು ಮಿಲಿಮೀಟರ್ ಉದ್ದ, ಕಂದು ಬಣ್ಣದ ಮೊನಚಾದ ಚಿಪ್ಪು. ಅಂಗೈಯಲ್ಲಿಟ್ಟರೆ ಕಾಳುಮೆಣಸಿನ ಚೂರೇ ಇರಬೇಕು ಎನ್ನಿಸುತ್ತದೆ. ಅಮೆರಿಕದಲ್ಲಿ ಇದು ಮೊದಲು ಕಂಡದ್ದು 1987ರಲ್ಲಿ, ಐಡಹೋ ರಾಜ್ಯದ ಸ್ನೇಕ್ ನದಿಯಲ್ಲಿ.

ಇಷ್ಟು ಸಣ್ಣ ಜೀವಿಗೆ ಏಕೆ ಹೆದರಬೇಕು ಎಂದು ತಾವು ಕೇಳಬಹುದು. ಹೊರದೇಶಗಳಿಗೆ ಹರಡಿದ ಈ ಬಸವನಹುಳುಗಳು ಹೆಚ್ಚುಕಡಿಮೆ ಎಲ್ಲವೂ ಹೆಣ್ಣುಗಳೇ. ಗಂಡಿನ ಅಗತ್ಯವಿಲ್ಲದೆ ಮರಿ ಹಾಕುತ್ತವೆ. ಹಾಗಾಗಿ ಒಂದೇ ಒಂದು ಹುಳು ಬಂದು ಸೇರಿದರೂ ಸಂತತಿ ಬೆಳೆಯುತ್ತದೆ. ತವರಿನಲ್ಲಿ ಇವುಗಳ ಹೊಟ್ಟೆಯೊಳಗೆ ಸೇರಿ ಬಂಜೆ ಮಾಡುವ ಪರೋಪಜೀವಿಗಳಿವೆ. ಹೊಸ ಊರಿನಲ್ಲಿ ಆ ಕಡಿವಾಣವಿಲ್ಲ. ವ್ಯೋಮಿಂಗ್ ರಾಜ್ಯದ ಪೋಲ್‌ಕ್ಯಾಟ್ ಕ್ರೀಕ್ ಎಂಬ ತೊರೆಯಲ್ಲಿ ಒಂದು ಚದರ ಮೀಟರ್ ಜಾಗದಲ್ಲಿ ಐದು ಲಕ್ಷದಷ್ಟು ಹುಳುಗಳನ್ನು ಎಣಿಸಿದ್ದಾರೆ. ಕಲ್ಲಿನ ಮೇಲೆ ಬೆಳೆಯುವ ಪಾಚಿಯೇ ಮೇಫ್ಲೈ ಮುಂತಾದ ಅನೇಕ ಮರಿಗಳ ಆಹಾರ. ಆ ತೊರೆಯಲ್ಲಿ ಹೀಗೆ ಬೆಳೆದ ಆಹಾರದ ಮುಕ್ಕಾಲು ಭಾಗವನ್ನು ಈ ಬಸವನಹುಳುಗಳೇ ತಿಂದು ಮುಗಿಸುತ್ತಿದ್ದವು. ಉಳಿದವರಿಗೆ ಏನು ಉಳಿಯಬೇಕು?

ಮೀನುಗಳಾದರೂ ಇವನ್ನು ತಿಂದು ಹಾಕಬಾರದೇ? ತಿನ್ನುತ್ತವೆ. ಆದರೆ ಈ ಹುಳುವಿನ ಚಿಪ್ಪಿಗೆ ಬಾಗಿಲಿದೆ. ಅಪಾಯ ಕಂಡರೆ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳುತ್ತದೆ. ಟ್ರೌಟ್ ಮೀನುಗಳಿಗೆ ಇದನ್ನೇ ತಿನ್ನಿಸಿ ನೋಡಿದ ಪ್ರಯೋಗವೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಬಸವನಹುಳುಗಳು ಮೀನಿನ ಹೊಟ್ಟೆಯನ್ನು ದಾಟಿ ಜೀವಂತ ಹೊರಬಂದವು. ಹೊಟ್ಟೆ ತುಂಬ ತಿಂದ ಮೀನುಗಳು ತೂಕ ಕಳೆದುಕೊಂಡವು.

ಇಲ್ಲಿ ಎಣಿಸುವವರಿಗೆ ಒಂದು ಬಲೆ ಕಾದಿದೆ. ತಟ್ಟೆಯಲ್ಲಿರುವ ಜೀವಿಗಳ ಒಟ್ಟು ಸಂಖ್ಯೆಯನ್ನು ಮಾತ್ರ ಬರೆದರೆ, ಬಸವನಹುಳು ಬಂದ ವರ್ಷ ಆ ಸಂಖ್ಯೆ ಏರುತ್ತದೆ! ಕಳೆದ ಸಲ 300 ಜೀವಿಗಳಿದ್ದವು, ಈ ಸಲ 3,000 ಇವೆ, ಹಳ್ಳ ಹತ್ತು ಪಟ್ಟು ಸುಧಾರಿಸಿತು ಎಂದು ವರದಿ ಬರೆದು ಕೈತೊಳೆದುಕೊಳ್ಳಬಹುದು. ಆದರೆ ಆ 3,000ದಲ್ಲಿ 2,900 ಒಂದೇ ಜಾತಿಯದ್ದಾದರೆ? ಆದುದರಿಂದ ಎಷ್ಟು ಎಂಬುದರ ಜೊತೆಗೆ ಯಾರು ಯಾರು ಎಂಬುದನ್ನೂ ಬರೆಯಬೇಕು. ಪ್ರತಿ ಗುಂಪಿಗೂ ಬೇರೆ ಸಾಲು, ಪ್ರತಿ ವರ್ಷವೂ ಅದೇ ಜಾಗ, ಅದೇ ಋತು, ಅದೇ ಕ್ರಮ. ಬಸವನಹುಳುವಿನ ಪರಿಣಾಮ ಎಲ್ಲ ತೊರೆಗಳಲ್ಲಿಯೂ ಒಂದೇ ರೀತಿ ಇರುವುದಿಲ್ಲ. ಹಾಗಾಗಿ ಊಹಿಸಿ ಬರೆಯದೆ ಪ್ರತಿಯೊಂದು ತೊರೆಯಲ್ಲಿಯೂ ಎಣಿಸಿಯೇ ತಿಳಿಯಬೇಕು. ಈಗ ನೀರನ್ನು ಸೋಸಿ, ಅದರಲ್ಲಿ ಉಳಿದ ಡಿಎನ್ಎ ಕುರುಹಿನಿಂದ ಈ ಹುಳು ಇದೆಯೇ ಎಂದು ಹೇಳುವ ಪರೀಕ್ಷೆಯೂ ಬಂದಿದೆ. ಆದರೂ ಬಲೆ, ಬಿಳಿ ತಟ್ಟೆ, ತಾಳ್ಮೆ ಇವುಗಳ ಕೆಲಸ ಮುಗಿದಿಲ್ಲ.

ಈಗ ನನ್ನ ಮನಸ್ಸನ್ನು ಬಹಳ ಕಾಡಿದ ಸಂಗತಿ. ಈ ಬಸವನಹುಳು ಒಂದು ತೊರೆಯಿಂದ ಇನ್ನೊಂದಕ್ಕೆ ಹೋಗುವುದು ಹೇಗೆ? ಒದ್ದೆಯ ಜಾಗದಲ್ಲಿ ಇದು ನೀರಿಲ್ಲದೆಯೂ ಹಲವು ದಿನ ಬದುಕಬಲ್ಲದು. ಮೀನು ಹಿಡಿಯುವವರ ಬೂಟಿನ ಅಡಿ, ಲಾಡಿಯ ಸಂದು, ಬಲೆಯ ಮೂಲೆ, ದೋಣಿಯ ತಳ, ಇವೇ ಅದರ ವಾಹನ. ಮೀನು ಹಿಡಿಯುವವರ ಬೂಟು ಮಾತ್ರವೇ? ಹಳ್ಳವನ್ನು ಉಳಿಸಬೇಕೆಂದು ಬೆಳಿಗ್ಗೆ ಒಂದು ತೊರೆ, ಮಧ್ಯಾಹ್ನ ಇನ್ನೊಂದು ತೊರೆಯಲ್ಲಿ ಇಳಿದು ಎಣಿಸುವವರ ಬೂಟೂ ಹೌದು! ಒಳ್ಳೆಯದನ್ನು ಮಾಡಲು ಹೋದ ಕಾಲೇ ಕೆಡುಕನ್ನು ಹೊತ್ತೊಯ್ಯಬಹುದು. ಆದುದರಿಂದ ಅಲ್ಲಿ ಎಣಿಸುವವರಿಗೆ ಕಟ್ಟುನಿಟ್ಟಿನ ನಿಯಮಗಳಿವೆ. ಬೂಟು, ಬಲೆಗಳನ್ನು ಬ್ರಷ್‌ನಿಂದ ಉಜ್ಜಬೇಕು. ನಂತರ ಅವನ್ನು ಆರು ಗಂಟೆಗೂ ಹೆಚ್ಚು ಕಾಲ ಫ್ರೀಜರ್‌ನಲ್ಲಿ ಇಡಬೇಕು, ಇಲ್ಲವೇ 50 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಬೇಕು, ಇಲ್ಲವೇ ಎರಡು ದಿನವಾದರೂ ಪೂರ್ತಿ ಒಣಗಿಸಬೇಕು. ಒಮ್ಮೆ ತೊರೆಗೆ ಸೇರಿದ ಮೇಲೆ ಅದನ್ನು ಸಂಪೂರ್ಣ ತೆಗೆಯುವುದು ಹೆಚ್ಚುಕಡಿಮೆ ಅಸಾಧ್ಯ. ಬಾರದಂತೆ ನೋಡಿಕೊಳ್ಳುವುದೊಂದೇ ಉಳಿದ ದಾರಿ.

ಓದುಗರೇ, ಇದನ್ನೆಲ್ಲ ಓದುವಾಗ ನನಗೆ ಅಮೆರಿಕದ ಬೂಟು ಕಾಣಲಿಲ್ಲ, ನಮ್ಮ ಶಾಲೆಯ ಬಕೆಟ್ ಕಾಣಿಸಿತು. ಕಾರಣ ಹೇಳುತ್ತೇನೆ.

ನಮ್ಮೂರಿನ ಹಳ್ಳವನ್ನು ಊರಿನವರೇ ಸೇರಿ ಹೂಳೆತ್ತಿ ಸರಿಪಡಿಸಿದ ವರ್ಷ, ನಮ್ಮ ತರಗತಿಯಲ್ಲಿ ಒಂದು ಗಾಜಿನ ತೊಟ್ಟಿ ಇತ್ತು. ಮೀನು ಮಾರುವ ಅಂಗಡಿಯಿಂದ ತಂದ ನೀರುಗಿಡದ ಎಲೆಗಳ ಮೇಲೆ ಅಂಟಿನಂತಹ ಮೊಟ್ಟೆಗಳಿದ್ದವು. ಎರಡು ತಿಂಗಳಲ್ಲಿ ತೊಟ್ಟಿಯ ತುಂಬ ಸಣ್ಣ ಬಸವನಹುಳುಗಳಾದವು. ಬೇಸಿಗೆ ರಜೆ ಬಂತು. ತೊಟ್ಟಿ ತೊಳೆಯಬೇಕಿತ್ತು. ಶಾಲೆಯ ಕೆಲಸ ಮಾಡುವ ಚಾಚಾ ಬಕೆಟ್ ಹಿಡಿದು, "ಇದನ್ನು ಎಲ್ಲಿ ಸುರಿಯಲಿ ಟೀಚರಮ್ಮ?" ಎಂದು ಕೇಳಿದರು. "ಪಾಪ, ಜೀವಗಳು ಚಾಚಾ, ಹಳ್ಳಕ್ಕೆ ಬಿಟ್ಟುಬಿಡಿ, ಬದುಕಿಕೊಳ್ಳಲಿ" ಎಂದವಳು ನಾನೇ. ಪುಣ್ಯದ ಕೆಲಸ ಮಾಡಿದೆನೆಂದು ಸಮಾಧಾನವೂ ಆಗಿತ್ತು.

ಮುಂದಿನ ಚಳಿಗಾಲದಲ್ಲಿ, ದೊಡ್ಡವರ ಕಾವಲಿನಲ್ಲಿ, ಮೊಣಕಾಲು ಮುಳುಗದ ನೀರಿನಲ್ಲಿ ಮಕ್ಕಳಿಂದ ಎಣಿಕೆ ಮಾಡಿಸಿದೆ. ಒಬ್ಬ ಹುಡುಗಿ ತಟ್ಟೆಯನ್ನು ನೋಡಿ, "ಟೀಚರ್, ಮೇಫ್ಲೈ ಒಂದೂ ಇಲ್ಲ. ಸೊನ್ನೆ ಬರೆದರೆ ನಮ್ಮ ಗುಂಪಿಗೆ ಮಾರ್ಕ್ಸ್ ಕಡಿಮೆ ಆಗುತ್ತಾ?" ಎಂದು ಕೇಳಿದಳು. "ಇಲ್ಲಮ್ಮಾ, ಸೊನ್ನೆಯೂ ಒಂದು ಉತ್ತರವೇ. ಇಲ್ಲದ್ದನ್ನು ಇದೆ ಎಂದು ಬರೆದರೆ ಮಾತ್ರ ಕಡಿಮೆ" ಎಂದೆ. ಅಷ್ಟರಲ್ಲಿ ಇನ್ನೊಂದು ಗುಂಪು ಹೊಸ ಜೀವಿ ಸಿಕ್ಕಿತೆಂದು ಕೂಗಿತು. ತಟ್ಟೆಯಲ್ಲಿ ತೆಳು ಚಿಪ್ಪಿನ, ಹೊಳೆಯುವ ಬಸವನಹುಳುಗಳು. ಚಿಪ್ಪಿನ ತುದಿಯನ್ನು ಮೇಲೆ ಮಾಡಿ, ಬಾಯಿಯನ್ನು ನಮ್ಮ ಕಡೆ ತಿರುಗಿಸಿದರೆ ಬಾಯಿ ಎಡಗಡೆಗೆ ಬರುತ್ತಿತ್ತು. ಇಂತಹ ಎಡಮುರಿ ಚಿಪ್ಪಿನ ಫೈಸಾ ಎಂಬ ಜಾತಿಯ ತವರು ಉತ್ತರ ಅಮೆರಿಕ. ಅಕ್ವೇರಿಯಂ ಗಿಡಗಳ ಜೊತೆ ಅದು ಲೋಕವೆಲ್ಲ ಸುತ್ತಿ, ಭಾರತದ ನೀರುಗಳಿಗೂ ಬಂದಿದೆ.

"ಇದು ಇಲ್ಲಿಗೆ ಹೇಗೆ ಬಂತು ಟೀಚರ್?" ಎಂದು ಮಕ್ಕಳು ಕೇಳಿದರು. ನಮ್ಮ ಬಕೆಟ್ಟಿನಿಂದಲೇ ಬಂತೆಂದು ನಾನು ಆಣೆ ಮಾಡಿ ಹೇಳಲಾರೆ. ಬೇರೆ ಯಾರದೋ ಮನೆಯ ತೊಟ್ಟಿಯಿಂದಲೂ ಬಂದಿರಬಹುದು. ಆ ಮಾತನ್ನು ಹೇಳಿ ಪಾರಾಗುವುದು ಸುಲಭವಿತ್ತು. ಆದರೆ ಐದು ನಿಮಿಷದ ಹಿಂದೆ ಸೊನ್ನೆಯನ್ನು ಸೊನ್ನೆಯೆಂದೇ ಬರೆಯಲು ಕಲಿಸಿದವಳು ನಾನು. ಬಕೆಟ್ಟಿನ ಕಥೆಯನ್ನು ಮಕ್ಕಳಿಗೆ ಪೂರ್ತಿ ಹೇಳಿದೆ. ಅವರಲ್ಲಿ ಯಾರೂ ನಗಲಿಲ್ಲ. ಎಣಿಕೆಯ ಪುಸ್ತಕದಲ್ಲಿ ದಿನಾಂಕದ ಕೆಳಗೆ ಒಬ್ಬಳು ಹೀಗೆ ಬರೆದಳು: "ಎಡಮುರಿ ಬಸವನಹುಳು 17. ಶಾಲೆಯ ತೊಟ್ಟಿಯಿಂದ ಬಂದಿರಬಹುದು." ಆ ಸಾಲು ಈಗಲೂ ಹಾಗೆಯೇ ಇದೆ. ನಾನು ಅಳಿಸಿಲ್ಲ.

ತಮ್ಮಲ್ಲಿ ನನ್ನದೊಂದು ವಿನಂತಿ. ತಮ್ಮ ಮನೆಯಲ್ಲಿಯೋ ಶಾಲೆಯಲ್ಲಿಯೋ ಮೀನಿನ ತೊಟ್ಟಿ ಇದ್ದರೆ, ಅದರ ನೀರು, ಗಿಡ, ಮೀನು, ಬಸವನಹುಳು ಯಾವುದನ್ನೂ ಕೆರೆ, ಹಳ್ಳ, ಬಾವಿಗೆ ಬಿಡಬೇಡಿ. ಗಿಡಗಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಕಸಕ್ಕೆ ಹಾಕಿ, ನೀರನ್ನು ಹಳ್ಳದಿಂದ ದೂರದ ಒಣ ಮಣ್ಣಿಗೆ ಸುರಿಯಿರಿ. ತಮ್ಮೂರಿನಲ್ಲಿ ಹಳ್ಳ ಸರಿಪಡಿಸುವ ಮಾತು ಬಂದರೆ, ಕೆಲಸ ಶುರುವಾಗುವ ಮೊದಲೇ ಒಮ್ಮೆ ಎಣಿಸಿ ಬರೆದಿಡಿ. ಹತ್ತಿರದ ಇನ್ನೂ ಕೆಡದ ಹಳ್ಳವೊಂದರಲ್ಲಿಯೂ ಎಣಿಸಿ, ಎರಡನ್ನೂ ಹೋಲಿಸಿ. ಏಕೆಂದರೆ ಮಲೆನಾಡಿನ ತೊರೆಯಲ್ಲಿ ಇರುವ ಸ್ಟೋನ್‌ಫ್ಲೈ ಬಯಲುಸೀಮೆಯ ಬೆಚ್ಚನೆಯ ಹಳ್ಳದಲ್ಲಿ ಮೊದಲಿನಿಂದಲೂ ಇಲ್ಲದಿರಬಹುದು. ಅದು ಹಳ್ಳದ ತಪ್ಪಲ್ಲ. ಒಂದು ನೀರಿನಿಂದ ಇನ್ನೊಂದು ನೀರಿಗೆ ಹೋಗುವ ಮೊದಲು ಬಲೆ, ಚಪ್ಪಲಿಗಳನ್ನು ಉಜ್ಜಿ, ನಮ್ಮ ಬಿಸಿಲಿನಲ್ಲಿ ಎರಡು ದಿನ ಪೂರ್ತಿ ಒಣಗಿಸಿ. ಫ್ರೀಜರ್ ಇಲ್ಲದಿದ್ದರೂ ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ!

ಕೊನೆಯದಾಗಿ ಒಂದು ಮಾತು. ನಮ್ಮ ಎಣಿಕೆಯ ಪುಸ್ತಕದಲ್ಲಿ ಈಗ ಮೂರು ಚಳಿಗಾಲಗಳ ಲೆಕ್ಕವಿದೆ. ಕಳೆದ ಸಲ ಮೇಲಿನ ಜಾಗದಲ್ಲಿ, ಕಲ್ಲುಗಳು ಹೆಚ್ಚಿರುವಲ್ಲಿ, ಮೂರು ಬಾಲದ ಮರಿಗಳು ನಾಲ್ಕು ಸಿಕ್ಕವು. ನಾಲ್ಕೇ ನಾಲ್ಕು. ಕೆಳಗಿನ ಜಾಗದಲ್ಲಿ ಎಡಮುರಿ ಬಸವನಹುಳುಗಳು 17ರಿಂದ 60 ದಾಟಿವೆ. ಎರಡನ್ನೂ ಬರೆದಿದ್ದೇವೆ. ಮಕ್ಕಳು ಆ ನೀರನ್ನು ಈಗ ಮೋರಿ ಎನ್ನುವುದಿಲ್ಲ, ಹಳ್ಳ ಎನ್ನುತ್ತಾರೆ. ಬರುವ ಚಳಿಗಾಲದ ಎಣಿಕೆಗೆ ತಾವೂ ಬನ್ನಿ. ಚಪ್ಪಲಿ ಒಣಗಿಸಿಕೊಂಡು ಬನ್ನಿ.